ಹೊಂಗೆ ಬೀಜಕ್ಕೆ ಬೆರೆಸಿದ ಬೂದಿ

ಹೊಂಗೆ ಎಣ್ಣೆಯಿಂದ ಡೀಸೆಲ್‌ನಂಥ ಇಂಧನ ಮಾಡುವುದು ನನ್ನ ಪಿಎಚ್‌ಡಿಯ ವಿಷಯವಾಗಿತ್ತು. ಗಾಣದಿಂದ ಬಂದ ಎಣ್ಣೆ ಮಂದ. ಅದರಲ್ಲಿ ಆಮ್ಲಜನಕ ಹೆಚ್ಚು. ಅದನ್ನು ಕಾಯಿಸಿ, ಒತ್ತಡದಲ್ಲಿ ಹೈಡ್ರೋಜನ್ ಕೊಟ್ಟು, ಕ್ಯಾಟಲಿಸ್ಟ್ ಎಂಬ ಹರಳುಗಳ ಮೇಲೆ ಹಾಯಿಸಿದರೆ ಆಮ್ಲಜನಕ ನೀರಾಗಿ ಬೇರ್ಪಟ್ಟು, ಲಾರಿಗೆ ಹಾಕಬಹುದಾದ ತೆಳುವಾದ ದ್ರವ ಉಳಿಯುತ್ತದೆ. ಪುಸ್ತಕದಲ್ಲಿ ಇದು ಒಂದೇ ಸಾಲು.

ಬೀಜ ಕೊಡುತ್ತಿದ್ದವಳು ಯಗಟಿಯ ನನ್ನ ದೊಡ್ಡಮ್ಮ. ಕೆರೆ ಏರಿಯ ಮರಗಳ ಕೆಳಗೆ ಕಾಯಿ ಆಯ್ದು, ಒಣಗಿಸಿ, ಬಡಿದು, ಬೀಜವನ್ನು ಚೀಲಕ್ಕೆ ತುಂಬಿಡುತ್ತಿದ್ದಳು. ತನ್ನ ಬೀಜದಿಂದ ಬಸ್ ಓಡುತ್ತದೆ ಎಂದು ಕಡೂರು ಬಸ್ಸಿನ ಕಂಡಕ್ಟರ್‌ಗೂ ಹೇಳಿದ್ದಳು. ಊರಲ್ಲಿ ಅವಳಿಗೆ ಡೀಸೆಲಮ್ಮ ಎಂದು ಹೆಸರು ಬಿದ್ದಿತ್ತು. ಅದು ಅವಳಿಗೆ ಇಷ್ಟವಾಗಿತ್ತು ಎಂದು ಬರೆಯಹೊರಟೆ. ಹಾಗೆಂದು ನನಗೆ ಅನಿಸಿತ್ತು, ಅಷ್ಟೆ.

ಎರಡನೆಯ ವರ್ಷದ ಎಣ್ಣೆ ಹಾಯಿಸಿದಾಗ ಕ್ಯಾಟಲಿಸ್ಟ್ ಅರ್ಧ ದಿನಕ್ಕೇ ಕೆಲಸ ನಿಲ್ಲಿಸಿತು. ಹಿಂದಿನ ವರ್ಷದ ಎಣ್ಣೆಗೆ ಹೀಗಾಗಿರಲಿಲ್ಲ. ಪರೀಕ್ಷೆ ಮಾಡಿಸಿದರೆ ಹರಳುಗಳ ಮೇಲೆಲ್ಲ ಪೊಟ್ಯಾಸಿಯಂ.

"ಬೀಜವೇ ಸರಿಯಿಲ್ಲ. ಮುಂದಿನ ವರ್ಷ ತರೀಕೆರೆ ಕಡೆಯಿಂದ ತರಿಸೋಣ" ಎಂದು ನಮ್ಮ ಗೈಡ್ ಫೈಲಿನಲ್ಲಿ ತರೀಕೆರೆ ಎಂದು ಬರೆದುಕೊಂಡರು. "ಕಾರಣ ಏನು ಅಂತ ವರದಿ ಕೊಡಿ."

ಯಗಟಿಗೆ ಹೋದೆ. ಉಳಿದ ಬೀಜ ಜಗಲಿಯ ಮೂಲೆಯಲ್ಲಿತ್ತು. ಚೀಲಕ್ಕೆ ಕೈ ಹಾಕಿದರೆ ಬೆರಳಿಗೆಲ್ಲ ಬೂದಿ ಮೆತ್ತಿಕೊಂಡಿತು.

"ಇದೇನು ದೊಡ್ಡಮ್ಮ, ಬೂದಿ?"

"ಬೂದಿ ಹಾಕ್ದಲೆ ಇನ್ನೇನ್ ಹಾಕ್ತಾರೆ? ಅವರೆಕಾಳಿಗೂ ಹಾಕ್ತೀನಿ, ಹಲಸಂದೆಗೂ ಹಾಕ್ತೀನಿ. ನಿನ್ ಬೀಜ ಏನ್ ಮ್ಯಾಲಿಂದ ಇಳಿದ್ ಬಂದೈತಾ?"

ಒಲೆಬೂದಿಯ ಪೊಟ್ಯಾಸಿಯಂ ಎಣ್ಣೆಯಲ್ಲಿನ ಆಮ್ಲದ ಜೊತೆ ಸೇರಿ ಸೋಪಾಗುತ್ತದೆ, ಆ ಸೋಪು ಎಣ್ಣೆಯಲ್ಲೇ ಕರಗಿ ಹರಳುಗಳನ್ನು ಕೆಡಿಸುತ್ತದೆ ಎಂದು ವಿವರಿಸಿದೆ.

"ಸೋಪಾದ್ರೆ ಬಟ್ಟೆ ಒಗ್ಕಳ್ಳಿ."

"ಹೋದ ವರ್ಷ ಹಾಕಿರಲಿಲ್ಲವಲ್ಲ?"

"ಹೋದ್ ವರ್ಷ ಒಣಗಿದ್ ದಿನಾನೇ ತಗಂಡ್ ಹೋದೆ. ಈ ಸಲ, ಬರೋದ್ ತಡವಾಯ್ತದೆ, ಹುಳ ಬೀಳ್ದಂಗೆ ಇಟ್ಟಿರು ಅಂದೋಳು ನೀನೇ ಕಣೇ."

"ನಾನಾ?"

"ಇನ್ಯಾರು, ಅಮಲ್ದಾರ್ರಾ?" ಚೀಲದ ಬಾಯಿ ಮಡಿಸುತ್ತ, "ಹಂಗಾರೆ ಮುಂದಿನ್ ವರ್ಷ ನಮ್ ಬೀಜ ಬ್ಯಾಡ್ವಾ?" ಎಂದಳು.

ವಾಪಸು ಬಂದು ದಿನಚರಿ ತಿರುವಿ ನೋಡಿದೆ. "ದೊಡ್ಡಮ್ಮನಿಗೆ ಫೋನ್. ಬೀಜ ಮುಂದಿನ ತಿಂಗಳು." ಹುಳದ ಮಾತು ಇಲ್ಲ. ಹೇಳಿದ್ದಿರಬಹುದು. ಹೇಳದೆಯೂ ಇದ್ದಿರಬಹುದು, ಕಾಳಿಗೆ ಬೂದಿ ಹಾಕುವವಳಿಗೆ ಯಾರೂ ಹೇಳಬೇಕಿಲ್ಲ. ನೆನಪಿಸಿಕೊಳ್ಳಲು ಪ್ರಯತ್ನಿಸಿದಷ್ಟೂ ಆ ಮಾತು ನನ್ನ ದನಿಯಲ್ಲೇ ಕೇಳಿಸತೊಡಗಿತು. ಅವಳು ಹೇಳಿದ ಮೇಲೆ ನಾನೇ ಕಲ್ಪಿಸಿಕೊಂಡೆನೋ ಎಂಬ ಅನುಮಾನಕ್ಕೆ ಅದೇ ಕಾರಣ.

ಯಗಟಿಯಿಂದ ತಂದಿದ್ದ ಬೂದಿಯ ಬೀಜವನ್ನು ತೊಳೆದು, ಒಣಗಿಸಿ, ಹೊಸದಾಗಿ ಎಣ್ಣೆ ತೆಗೆಸಿ, ಹೊಸ ಹರಳುಗಳ ಮೇಲೆ ಹಾಯಿಸಿದೆ. ಈ ಸಲ ಕ್ಯಾಟಲಿಸ್ಟ್ ಕೆಲಸ ನಿಲ್ಲಿಸಲಿಲ್ಲ. ವರದಿಯಲ್ಲಿ ಹೀಗೆ ಬರೆದೆ: ಸಂಶೋಧಕಿಯ ಸೂಚನೆಯಂತೆ ಬೀಜವನ್ನು ಹುಳದಿಂದ ಕಾಪಾಡಲು ಬೂದಿ ಬೆರೆಸಲಾಗಿತ್ತು, ಬೀಜದಲ್ಲಿ ದೋಷವಿಲ್ಲ.

ಗೈಡ್ ಆ ಸಾಲಿನ ಮೇಲೆ ಪೆನ್ನಿಟ್ಟು ಕೇಳಿದರು. "ನೀವೇ ಹೇಳಿದ್ದಾ? ಖಚಿತವಾಗಿ?"

"ಹೌದು ಸರ್" ಎಂದೆ.

ಅವರು ಫೈಲಿನಲ್ಲಿ ತರೀಕೆರೆ ಎಂಬುದನ್ನು ಹೊಡೆದುಹಾಕಿದರು. ಅಂದೇ ದೊಡ್ಡಮ್ಮನಿಗೆ ಫೋನ್ ಮಾಡಿ, ಮುಂದಿನ ವರ್ಷವೂ ಬೀಜ ಆಯ್ದಿಡು, ಬೂದಿ ಮಾತ್ರ ಬೇಡ ಎಂದೆ.

"ಬರೆದ್ ಕಳ್ಸು. ಆಮ್ಯಾಲೆ ನಾನ್ ಹೇಳೇ ಇಲ್ಲ ಅಂತೀಯ" ಎಂದಳು.