ನೀರಿಗಿಂತ ಎರಡು ಬೆರಳು ಮೇಲೆ

ನಮ್ಮ ಮಾವನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ನನಗೂ ಅಷ್ಟೇ. ನಾವಿಬ್ಬರೂ ಹನ್ನೊಂದು ವರ್ಷದಿಂದ ಒಂದೇ ಕೆಲಸ ಮಾಡಿಕೊಂಡಿದ್ದೇವೆ ಎಂದರೆ ಅವರ ಮಗ, ನನ್ನ ಗಂಡನೇ ನಂಬುವುದಿಲ್ಲ. ಕೆಲಸ ಏನೆಂದರೆ ಹಾಯಿದೋಣಿಗಳಿಗೆ ಪಟ್ಟಿ ಬಳಿಯುವುದು. ದೋಣಿಯ ಹೊಟ್ಟೆ ನೀರಿನೊಳಗಿರುತ್ತದಲ್ಲ, ಅದು ಮುಗಿದು ಬಿಳಿ ಮೈ ಶುರುವಾಗುವಲ್ಲಿ, ನೀರಿಗಿಂತ ಎರಡು ಬೆರಳು ಮೇಲೆ, ಸುತ್ತಲೂ ಒಂದು ಬಣ್ಣದ ಪಟ್ಟಿ. ಅದನ್ನು ಯಾರಾದರೂ ಅಲಂಕಾರ ಅಂದುಬಿಟ್ಟರೆ ಮುಗಿಯಿತು, ಮಾವ ಅವರನ್ನು ನಿಲ್ಲಿಸಿಕೊಂಡು ಅರ್ಧ ಗಂಟೆ ತಲೆ ತಿನ್ನುತ್ತಾರೆ. ಸಾಮಾನು ಹೆಚ್ಚಾದರೆ ಪಟ್ಟಿ ಮುಳುಗುತ್ತದೆ, ಮೂತಿಯ ಕಡೆ ಭಾರವಾದರೆ ಮೂತಿಯಲ್ಲಿ ಮುಳುಗುತ್ತದೆ, ದೋಣಿ ಒಂದು ಮಗ್ಗುಲಿಗೆ ವಾಲಿದರೆ ದಡದಲ್ಲಿ ನಿಂತವರಿಗೇ ಗೊತ್ತಾಗುತ್ತದೆ, ಅದಕ್ಕಿರೋದು ಪಟ್ಟಿ, ಎನ್ನುತ್ತಾರೆ. ಜಿಡ್ಡು, ಪಾಚಿ ಬಿಳಿ ಮೈಗೆ ಹತ್ತಿ ಕಾಣದಿರಲಿ ಎಂಬುದು ಆಮೇಲಿನ ಮಾತು.

ಮೊದಲು ಮಾವ ಮನೆಗಳ ಗೋಡೆಗೆ ಬಣ್ಣ ಹೊಡೆಯುತ್ತಿದ್ದವರು. ದೋಣಿ ರಿಪೇರಿಯ ಯಾರ್ಡಿನಲ್ಲಿ ಪಟ್ಟಿ ಬಳಿಯುವವನು ಜ್ವರ ಬಂದು ಮಲಗಿದಾಗ ಎರಡು ದಿನಕ್ಕೆಂದು ಹೋದವರು ಮೂವತ್ತೆಂಟು ವರ್ಷ ಅಲ್ಲೇ ಉಳಿದರು. ದೋಣಿಯನ್ನು ಮೇಲೆತ್ತಿ ನೆಟ್ಟಗೆ ನಿಲ್ಲಿಸಿದ ಮೇಲೆ ನೀರು ತುಂಬಿದ ಲೆವೆಲ್ ಪೈಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎರಡೂ ತುದಿಯಲ್ಲಿ ನೀರು ನಿಂತ ಮಟ್ಟಕ್ಕೆ ಪೆನ್ಸಿಲ್ ಗುರುತು. ಅದರ ಮೇಲೆ ಟೇಪು, ಟೇಪಿನ ಅಂಚನ್ನು ಹೆಬ್ಬೆರಳಿನಿಂದ ತೀಡಿ ಎರಡು ತೆಳು ಕೈ ಬಣ್ಣ. ಮೂತಿಯಲ್ಲೂ ಹಿಂಭಾಗದಲ್ಲೂ ಪಟ್ಟಿಯನ್ನು ಸ್ವಲ್ಪ ಅಗಲ ಮಾಡಬೇಕು, ಇಲ್ಲದಿದ್ದರೆ ದೂರದಿಂದ ಅಲ್ಲಿ ಸಣಕಲಾಗಿ ಕಾಣುತ್ತದೆ. ಬಣ್ಣ ಪೂರ್ತಿ ಒಣಗುವ ಮುಂಚೆ ಟೇಪು ಕೀಳುವಾಗ ಮಾವ ಉಸಿರೇ ಬಿಡುವುದಿಲ್ಲ. ಆಮೇಲೆ ವಾರಕ್ಕೊಮ್ಮೆ ಸೋಪಿನ ನೀರು, ಮೆತ್ತನೆಯ ಬಟ್ಟೆ. ಮೊದಲ ವರ್ಷ ನಾನು ಪಾತ್ರೆ ಉಜ್ಜುವ ತಂತಿಯಿಂದ ಪಾಚಿ ತಿಕ್ಕಿದೆ. ಗೀಚು ಬಿದ್ದ ಕಡೆ ಪಾಚಿ ಇನ್ನೂ ಗಟ್ಟಿಯಾಗಿ ಕೂರುತ್ತದೆಂದು ನನಗೇನು ಗೊತ್ತು? ಮೂರು ದಿನ ಮಾವ ನನ್ನ ಜೊತೆ ಮಾತು ಬಿಟ್ಟಿದ್ದರು.

ಈ ವರ್ಷ ಅವರ ಬಲಗಣ್ಣಿನ ಪೊರೆ ತೆಗೆದರು. ಆರು ವಾರ ಮನೆಯಲ್ಲಿ ಕೂತು ನಮ್ಮೆಲ್ಲರ ಜೀವ ಹಿಂಡಿದ ಮೇಲೆ ಸಿಕ್ಕಿದ ಮೊದಲ ಕೆಲಸ ಹಲ್ಲಿನ ಡಾಕ್ಟರಮ್ಮನ ದೋಣಿ. ಬಾಯಲ್ಲಿ ಜೋರು ಹಾಗೇ ಇತ್ತು. ಆದರೆ ಎಳೆದ ಗೆರೆಯನ್ನು ಮತ್ತೆ ಮತ್ತೆ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಅವರು ಹಾಗೆ ಮಾಡಿದ್ದನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ.

ದೋಣಿ ನೀರಿಗಿಳಿಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಎಡಗಡೆಯ ಪಟ್ಟಿ ಅರ್ಧ ನೀರಿನಲ್ಲಿ, ಬಲಗಡೆಯದು ನೀರಿನಿಂದ ನಾಲ್ಕು ಬೆರಳು ಮೇಲೆ. ಯಾರ್ಡಿನ ಯಜಮಾನರು ಕೆಟ್ಟವರಲ್ಲ, ಮೆಲ್ಲಗೇ ಹೇಳಿದರು: "ಸಾಕು ಮಾಡಿ ಹಿರಿಯರೇ. ಕಣ್ಣಿಗೂ ವಯಸ್ಸಾಗುತ್ತೆ."

ಮಾವ ಜಗಳ ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸೀದಾ ಮನೆಗೆ ಬಂದರು. ಬ್ರಷ್ಷುಗಳನ್ನೆಲ್ಲ ತೊಳೆದು, ಒರೆಸಿ, ಅಡುಗೆಮನೆಯ ಮೇಜಿನ ಮೇಲೆ ನನ್ನ ಮುಂದಿಟ್ಟರು.

"ಇವು ಇನ್ನು ನಿನ್ನವು. ನನ್ನ ಕೈಲಾಗಲ್ಲ."

ದುಃಖವಾದರೆ ನನ್ನ ಬಾಯಿಗೆ ಬರುವುದು ಬೈಗುಳವೇ. ಗೆರೆ ತೋರಿಸಿದ್ದು ಪೈಪಿನ ನೀರು, ನೀರಿಗೂ ಪೊರೆ ಬರುತ್ತದಾ ಎಂದು ರೇಗಿದೆ. ನೀರು ನೋಡಿದ್ದು ಈ ಕಣ್ಣೇ ಅಲ್ಲವಾ ಎಂದರು ಮಾವ. ಒಂದು ಗಳಿಗೆ, ಇವರ ಕಣ್ಣು ಹೋಯಿತೇನೋ ಎಂದು ನನಗೂ ಅನ್ನಿಸಿಬಿಟ್ಟಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ಚಪ್ಪಲಿ ಮೆಟ್ಟಿಕೊಂಡು ಯಾರ್ಡಿಗೆ ಓಡಿದೆ.

ಡಾಕ್ಟರಮ್ಮ ದೋಣಿಯೊಳಗೆ ಹಾಸಿಗೆ ಸರಿಮಾಡುತ್ತಿದ್ದರು. ಮರುದಿನ ಅಕ್ಕನ ಜೊತೆ ನಾಲ್ಕು ದಿನದ ಪ್ರಯಾಣ ಹೊರಡುವವರಿದ್ದರು. ಅಪ್ಪಣೆ ಕೇಳಿ ಒಳಗಿಳಿದು ಪೆನ್ಸಿಲನ್ನು ನೆಲದ ಮೇಲಿಟ್ಟೆ. ತಪ್ಪು ಗೆರೆಯದೇ ಆಗಿ ದೋಣಿ ನೆಟ್ಟಗಿದ್ದರೆ ಪೆನ್ಸಿಲ್ ಅಲ್ಲೇ ನಿಲ್ಲಬೇಕು. ಪೆನ್ಸಿಲ್ ಉರುಳಿಕೊಂಡು ಹೋಗಿ ಎಡಗಡೆಯ ಮಂಚಕ್ಕೆ ಬಡಿಯಿತು. ಗೆರೆ ಸರಿಯಾಗಿತ್ತು, ವಾಲಿದ್ದು ದೋಣಿ.

ಮಂಚದ ಹಲಗೆ ಎತ್ತಿದೆ. ಕೆಳಗಿನ ಪೆಟ್ಟಿಗೆಯಲ್ಲಿ ಅಂಚಿನವರೆಗೂ ನೀರು. ಬೆರಳದ್ದಿ ನಾಲಿಗೆಗೆ ಹಚ್ಚಿದರೆ ಉಪ್ಪು. ಕೈತೊಳೆಯುವ ಬೋಗುಣಿಯಿಂದ ಸಮುದ್ರದ ಮಟ್ಟಕ್ಕಿಂತ ಕೆಳಗೆ ಹೊರಗೆ ಹೋಗುವ ಪೈಪಿನ ಬಿಗಿಪಟ್ಟಿ ಸಡಿಲವಾಗಿ, ಒಂದು ಹಗಲು ಒಂದು ರಾತ್ರಿ ಸಮುದ್ರ ಸದ್ದಿಲ್ಲದೆ ಒಳಗೆ ಬಂದಿತ್ತು. ನಾಳೆ ಹೊರಟಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರಮ್ಮ ಕೇಳಿದರು, ನಾನು ಯಜಮಾನರನ್ನು ಕೂಗಿ ಕರೆದೆ.

ಆಮೇಲೆ ಮನೆಗೆ ಓಡಿ ಮಾವನನ್ನು ಕೈ ಹಿಡಿದು ಎಳೆದುಕೊಂಡೇ ಬಂದೆ. ಅಷ್ಟರಲ್ಲಿ ಯಜಮಾನರು ಪೈಪು ಬಿಗಿ ಮಾಡಿಸಿ ಪಂಪು ಹಚ್ಚಿಸಿದ್ದರು. ಎಡಗಡೆಯ ಪಟ್ಟಿ ಒದ್ದೆ ಒದ್ದೆಯಾಗಿ ಮೇಲೇಳುತ್ತಾ ಬಂದು ಬಲಗಡೆಯದರ ಸಮಕ್ಕೆ ನಿಂತಿತು. ನನ್ನ ತಪ್ಪು ಹಿರಿಯರೇ ಎಂದರು ಯಜಮಾನರು. ಮಾವನಿಗೆ ಅದು ಕೇಳಿಸಿತೋ ಇಲ್ಲವೋ, ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಎಲ್ಲರೆದುರೇ ಗಳಗಳ ಅತ್ತುಬಿಟ್ಟರು. ನಾನೂ ಪಕ್ಕದಲ್ಲೇ ಕೂತೆ.

"ಪಟ್ಟಿ ನೋಡಿ, ಪಟ್ಟಿ ನೋಡಿ ಅಂತ ಊರಿಗೆಲ್ಲ ಹೇಳಿದೆ. ನಾನೇ ನಂಬಲಿಲ್ಲವಲ್ಲ ಕಣಮ್ಮ" ಎಂದರು.

ಮುಚ್ಚಿಟ್ಟುಕೊಳ್ಳಲು ಮನಸ್ಸಾಗಲಿಲ್ಲ. "ನಾನೂ ಒಂದು ಗಳಿಗೆ ನಿಮ್ಮನ್ನ ನಂಬಿರಲಿಲ್ಲ, ಮಾವ."

ಅವರು ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಒಳ್ಳೇದೇ ಆಯ್ತು ಬಿಡು. ನಂಬಿದ್ದಿದ್ದರೆ ನೀನೂ ಮನೆಯಲ್ಲೇ ಕೂತು ನನ್ನ ಸಮಾಧಾನ ಮಾಡ್ತಿದ್ದೆ."