ಕೆಳಗಿನಿಂದ ಬಂದ ನೀರು

ದೊಡ್ಡತ್ತೆಯ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಯಾರದೋ ಗದ್ದೆಯ ಕೊಯ್ಲಿಗೆ ಹೋದಾಗ ಕತ್ತಿ ತಾಗಿ ನರ ತುಂಡಾಗಿತ್ತಂತೆ. ಕಾಫಿ ಲೋಟ ಹಿಡಿದಾಗ, ಮಗುವಿನ ತಲೆ ಸವರುವಾಗ, ದೇವರಿಗೆ ಕೈ ಮುಗಿಯುವಾಗ ಕೂಡ ಆ ಒಂದು ಬೆರಳು ಉಳಿದವುಗಳ ಜೊತೆ ಸೇರದೆ ನೆಟ್ಟಗೆ ಪಕ್ಕಕ್ಕೆ ನಿಂತಿರುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಅವರು ಏನನ್ನೋ ತೋರಿಸುತ್ತಿದ್ದಾರೆ ಅಂದುಕೊಂಡು ಎಷ್ಟೋ ಸಲ ಆ ಕಡೆ ತಿರುಗಿ ನೋಡಿದ್ದುಂಟು.

ಅವರು ನನ್ನ ಮಾವನವರ ಅಕ್ಕ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ವಾಪಸು ಬಂದವರು, ತಮ್ಮನ ಮನೆಯೊಳಗೆ ಇರಲು ಒಪ್ಪದೆ ಪಕ್ಕದಲ್ಲೇ ಎರಡು ಅಂಕಣದ ಮನೆ ಕಟ್ಟಿಕೊಂಡು ಸ್ವಂತ ಗದ್ದೆ ಮಾಡಿಕೊಂಡಿದ್ದರು. ನಮ್ಮ ಕೇರಿ ಇರುವುದು ಸಾಗರ ತಾಲೂಕಿನಲ್ಲಿ, ಲಿಂಗನಮಕ್ಕಿ ಹಿನ್ನೀರಿನ ದಂಡೆಯ ದಿಬ್ಬದ ಮೇಲೆ. ಹದಿನಾಲ್ಕು ಮನೆ. ಒಂದು ಮನೆಯವರನ್ನು ಬಿಟ್ಟರೆ ಎಲ್ಲರೂ ಡ್ಯಾಮು ಕಟ್ಟಿದಾಗ ಕೆಳಗಿನಿಂದ ಮೇಲಕ್ಕೆ ಹತ್ತಿ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಹೊಳೆ ಪಕ್ಕದ ಕಪ್ಪು ಮಣ್ಣನ್ನು ಬಿಟ್ಟು ಮೇಲೆ ಜಂಬಿಟ್ಟಿಗೆಯ ಗಟ್ಟಿ ನೆಲದಲ್ಲಿ, ಮಳೆಯೊಂದನ್ನೇ ನಂಬಿ ಭತ್ತ ಬೆಳೆಯುವವರು. ಜಗಲಿಯಲ್ಲಿ ಕೂತರೆ ಕಣ್ಣು ಹಾಯುವಷ್ಟು ದೂರ ನೀರು. ಆದರೆ ಅದು ಕರೆಂಟಿನ ನೀರು, ನಮ್ಮದಲ್ಲ.

ನಾನು ಆ ಕೇರಿಯ ಅಂಗನವಾಡಿ ಟೀಚರ್. ಅಲ್ಲಿ ಕಾಗದ ಪತ್ರ ಓದುವುದು, ಅರ್ಜಿ ಬರೆಯುವುದು, ಮೊಬೈಲಿನಲ್ಲಿ ಏನಾದರೂ ನೋಡಿ ಹೇಳುವುದು ಎಲ್ಲ ನನ್ನ ಪಾಲಿಗೆ ಬರುತ್ತಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆದದ್ದೆಲ್ಲ ಅದರಿಂದಲೇ ಆಯಿತು.

ಮೊದಲ ವರ್ಷ ಮಳೆ ಕೈಕೊಟ್ಟಾಗ ಯಾರೂ ಬರ ಅನ್ನಲಿಲ್ಲ. ಮಲೆನಾಡಿನವರಿಗೆ ಆ ಮಾತು ಬಾಯಿಗೆ ಬರುವುದು ಕಷ್ಟ, ಬಂದರೂ ಕೇಳಿದವರು ನಗುತ್ತಾರೆ. ಪೇಟೆಯ ಕಚೇರಿಯೊಂದರಲ್ಲಿ ನಮ್ಮ ಅರ್ಜಿ ತೆಗೆದುಕೊಂಡವರು, "ಶರಾವತಿ ದಂಡೆ ಮೇಲೆ ಕೂತ್ಕೊಂಡು ಎಂಥಾ ಬರನ್ರೀ ನಿಮಗೆ" ಅಂದರು. ದೊಡ್ಡತ್ತೆಯಂತೂ ಆ ಮಾತನ್ನು ಆಡಲು ಬಿಡುತ್ತಲೇ ಇರಲಿಲ್ಲ. ಯಾರಾದರೂ ಮೋಡಕ್ಕೆ ಬೈದರೆ ಗದರುತ್ತಿದ್ದರು.

"ಬಂದಿಲ್ಲ ಅಷ್ಟೆ. ಬರಲ್ಲ ಅಂತ ನಿಂಗೆ ಹೇಳಿ ಹೋಗಿದ್ಯೇನಾ?"

ಆ ವರ್ಷ ಹದಿಮೂರು ಮನೆಯವರು ಅಗೆ ಹಾಕಿದರು. ಗೇಣುದ್ದ ಬಂದ ಸಸಿ ಮಡಿಯಲ್ಲೇ ಕೆಂಪಾಗಿ ಸುಟ್ಟುಹೋಯಿತು. ಹಾಕದೆ ಇದ್ದವರು ದೊಡ್ಡತ್ತೆ ಒಬ್ಬರೇ. ಅವರ ಅಟ್ಟದಲ್ಲಿ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಮೂರು ಭತ್ತದ ಮೂಡೆ ಇದ್ದವು. ಅದು ಅವರ ಅಪ್ಪ ಹೊಳೆದಂಡೆಯಲ್ಲಿ ಬಿತ್ತುತ್ತಿದ್ದ ಕೆಂಪು ಭತ್ತ. ಮೂರು ತಿಂಗಳಿಗೆ ಕೈಗೆ ಬರುತ್ತಿತ್ತು, ಸುತ್ತಮುತ್ತ ಬೇರೆ ಯಾರಲ್ಲೂ ಉಳಿದಿರಲಿಲ್ಲ. ಪ್ರತಿವರ್ಷ ಬೆಳೆದು, ಬೀಜಕ್ಕೆ ತೆಗೆದು, ಎರಡು ಮೂಡೆ ಬಿತ್ತಿದರೆ ಒಂದನ್ನು ಮುಟ್ಟದೆ ಇಡುವುದು ಅವರ ಕ್ರಮ. ಆಷಾಢದ ಆಕಾಶ ನೋಡಿ, "ಈ ಸಲ ಬೇಡ" ಅಂದವರೇ ಏಣಿ ತೆಗೆದು ಒಳಗಿಟ್ಟರು.

ಆದರೆ ಸುಮ್ಮನೆ ಕೂರಲಿಲ್ಲ, ಕೂರಲು ಬಿಡಲೂ ಇಲ್ಲ. ಧೂಳು ಹಾರುವ ಗದ್ದೆಯನ್ನು ಮೂರು ಸಲ ಹೂಡಿಸಿದರು. "ಮಣ್ಣು ಸಡ್ಲ ಇರ್ಬೇಕು ಮಾರಾಯ್ತಿ. ಬಂದಾಗ ಕುಡೀಬೇಕಲ್ಲ ಅದು." ವಾರಕ್ಕೆ ಎರಡು ಸಲ ಬರುವ ಟ್ಯಾಂಕರಿನ ಮುಂದೆ ಸಾಲು ನಿಲ್ಲಿಸುತ್ತಿದ್ದವರೂ ಅವರೇ. ಬಾಣಂತಿ ಇರುವ ಮನೆಗೆ ಮೊದಲ ಡ್ರಮ್ಮು, ದನ ಇರುವವರಿಗೆ ಎರಡನೆಯದು, ತಮಗೆ ಕೊನೆಯದು. ಜಗಳ ಮಾಡಿದವರನ್ನು ಸಾಲಿನ ಕೊನೆಗೆ ಕಳಿಸುತ್ತಿದ್ದರು. ಆ ಬೇಸಿಗೆಯಲ್ಲಿ ನಾನೂ ಒಮ್ಮೆ ಕೊನೆಗೆ ಹೋಗಿ ನಿಂತಿದ್ದೇನೆ.

ಎರಡನೇ ವರ್ಷ ಮೃಗಶಿರ ಒಣಗಿಯೇ ಹೋಯಿತು. ಆರಿದ್ರದಲ್ಲಿ ಎರಡು ದಿನ ಹನಿದು ನಿಂತಿತು. ಹಿನ್ನೀರು ಯಾರೂ ನೋಡಿರದಷ್ಟು ಕೆಳಗೆ ಇಳಿದಿತ್ತು. ಹೊಳೆಬಾಗಿಲಿನಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸಿ, ಸಿಗಂದೂರಿಗೆ ಹೋಗುವ ಜನರನ್ನಷ್ಟೇ ದಾಟಿಸುತ್ತಿದ್ದರು. ಒಂದು ಬೆಳಿಗ್ಗೆ ದೊಡ್ಡತ್ತೆ ನನ್ನನ್ನು ಕರೆದರು. "ಬಾ, ಕೆಳಗೆ ಹೋಗಿ ಬರಾಣ."

ಅರ್ಧ ಗಂಟೆ ಇಳಿದೆವು. ಸತ್ತ ಮರದ ಬೊಡ್ಡೆಗಳ ನಡುವೆ ಅವರು ಒಂದು ಸಲವೂ ದಾರಿ ತಪ್ಪಲಿಲ್ಲ. ಎಂಟು ವರ್ಷದ ಹುಡುಗಿಯಾಗಿದ್ದಾಗ ಬಿಟ್ಟು ಹೋದ ಜಾಗ. ಕುಸಿದ ಬಾವಿಯ ಕಟ್ಟೆಯನ್ನು ದಾಟಿ, ಇಪ್ಪತ್ತು ಹೆಜ್ಜೆ ಆಚೆ ನಿಂತರು. ಕೆಸರಿನ ಕೆಳಗೆ ಗದ್ದೆಯ ಅಂಚು ಇನ್ನೂ ಉಬ್ಬಿ ಕಾಣುತ್ತಿತ್ತು.

"ಇದು ನಮ್ದು" ಅಂದರು. "ಆಚೆದು ನಿನ್ನ ಮಾವನ ದೊಡ್ಡಪ್ಪಂದು."

ನಾನು ಅವರ ಮುಖ ನೋಡಿದೆ. ಅಳುತ್ತಾರೇನೋ ಅನ್ನಿಸಿತ್ತು. ಅವರು ಸೀರೆ ಎತ್ತಿ ಕಟ್ಟಿ, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಕೈಗೆ ಹಾಕಿದರು. ತಣ್ಣಗೆ, ಒದ್ದೆಯಾಗಿತ್ತು. ಎರಡು ವರ್ಷದಲ್ಲಿ ಅಂಥ ಮಣ್ಣು ಮುಟ್ಟಿರಲಿಲ್ಲ.

ಅವತ್ತೇ ಅವರು ಅಟ್ಟಕ್ಕೆ ಏಣಿ ಇಟ್ಟರು. ಬೀಜ ನೆನೆಸಿ, ಗೋಣಿಯಲ್ಲಿ ಕಟ್ಟಿ ಮೊಳಕೆ ಬರಿಸಿ, ಕೆಸರಿಗೆ ಚೆಲ್ಲುವುದು ಅಂತ ತೀರ್ಮಾನವಾಯಿತು. ಹದಿನಾಲ್ಕು ಮನೆಗೂ ಪಾಲು ಹಾಕಿದರು. ಕೆಳಗೆ ಏನೂ ಮುಳುಗಿರದಿದ್ದ, ಆಮೇಲೆ ಹೊರಗಿನಿಂದ ಬಂದ ಆ ಒಂದು ಮನೆಯವರಿಗೆ ಪಾಲು ಬೇಡ ಅಂತ ಕೆಲವರು ಗೊಣಗಿದರು. "ಅವ್ರ ಹೊಟ್ಟೆ ಬೇರೆನಾ?" ಅಂತ ಕೇಳಿ ದೊಡ್ಡತ್ತೆ ಅವರಿಗೆ ತಮ್ಮಪ್ಪನ ಗದ್ದೆಯಲ್ಲೇ ಅರ್ಧ ಬಿಟ್ಟುಕೊಟ್ಟರು. ಎರಡು ಮೂಡೆ ಎಲ್ಲರಿಗೂ ಸಾಲಲಿಲ್ಲ. ಮೂರನೆಯದನ್ನೂ ಇಳಿಸಿದರು.

"ದೊಡ್ಡತ್ತೆ, ಒಂದು ಇಡಬೇಕಲ್ವಾ?" ಅಂದೆ.

"ಎಲ್ರೂ ಬಿತ್ತುವಾಗ ನಾ ಅಟ್ಟದಲ್ಲಿಟ್ಕಂಡು ಎಂತ ಮಾಡ್ಲಿ?" ಅಂದರು.

ಪೈರು ಮೊಣಕಾಲುದ್ದ ಬಂದಾಗ ಡ್ಯಾಮಿನ ಇಲಾಖೆಯ ಕಡೆಯಿಂದ ಒಬ್ಬರು ಜೀಪಿನಲ್ಲಿ ಬಂದರು. ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಒರಟುತನವೇನೂ ಇರಲಿಲ್ಲ.

"ಅಜ್ಜಿ, ಇದು ಮುಳುಗಡೆ ಜಾಗ. ಯಾರನ್ನ ಕೇಳಿ ಬಿತ್ತಿದ್ರಿ?"

"ಮುಳುಗ್ಸುವಾಗ ನೀವು ಯಾರನ್ನ ಕೇಳಿದ್ರಿ?"

ಅವರು ನಕ್ಕುಬಿಟ್ಟರು, ಆದರೆ ಕಾಗದ ಕೇಳುವುದನ್ನು ಬಿಡಲಿಲ್ಲ. ನೀರು ಬಂದು ಬೆಳೆ ಹೋದರೆ ನಾವು ಏನನ್ನೂ ಕೇಳುವುದಿಲ್ಲ ಅಂತ ಬರೆದುಕೊಡಬೇಕಂತೆ. ನಾನೇ ಬರೆದೆ. ಸಹಿ ಬಲ್ಲವರು ಸಹಿ ಹಾಕಿದರು, ಉಳಿದವರು ಹೆಬ್ಬೆಟ್ಟು ಒತ್ತಿದರು. ನನ್ನ ಅಕ್ಷರ ದುಂಡಗಿದೆ ಅಂತ ಜೀಪಿನಲ್ಲಿ ಬಂದವರು ಹೊಗಳಿಯೂ ಹೋದರು.

ಆ ಎರಡು ತಿಂಗಳು ಕೇರಿಯಲ್ಲಿ ನಗು ಇತ್ತು. ಸಂಜೆಯಾದರೆ ಎಲ್ಲರೂ ಇಳಿದು ಹೋಗಿ ಅಂಚಿನ ಮೇಲೆ ಕೂರುತ್ತಿದ್ದೆವು. ಹಂದಿ ಕಾಯಲು ಸರದಿ ಹಾಕಿಕೊಂಡಿದ್ದರು. ಮುದುಕರು ಇದು ಇಂಥವರ ಕಣ, ಇದು ಇಂಥವರ ಕೊಟ್ಟಿಗೆ ಅಂತ ಮಕ್ಕಳಿಗೆ ತೋರಿಸುತ್ತಿದ್ದರು. ಮೇಲೆ ನಮ್ಮ ಗದ್ದೆಗಳು ಬೆಳ್ಳಗೆ ಬಿದ್ದಿದ್ದವು, ಯಾರೂ ಅತ್ತ ತಿರುಗುತ್ತಿರಲಿಲ್ಲ. ಉತ್ತರೆ ಮಳೆಯ ಹೊತ್ತಿಗೆ ತೆನೆ ಬಗ್ಗಿತು.

ಹಸ್ತ ಹುಟ್ಟಿದ ಮೂರನೇ ದಿನ, ದೊಡ್ಡತ್ತೆ ಮೂಡಣದ ಕಡೆ ನೋಡುತ್ತಾ ನಿಂತಿದ್ದನ್ನು ಕಂಡೆ. ಹೊಸನಗರದಲ್ಲಿರುವ ಸಂಬಂಧಿಕರೊಬ್ಬರು ಹಿಂದಿನ ದಿನ ಫೋನಿನಲ್ಲಿ, ಅಲ್ಲಿ ಒಳ್ಳೆ ಮಳೆ ಹಿಡಿದಿದೆ, ತೀರ್ಥಹಳ್ಳಿ ಕಡೆ ಇನ್ನೂ ಜೋರಂತೆ ಅಂದಿದ್ದರು. ದೊಡ್ಡತ್ತೆ ಎಲ್ಲರನ್ನೂ ಗದ್ದೆಗೆ ಕರೆಸಿದರು.

"ನಾಳೆಯಿಂದ ಕೊಯ್ಯಾಣ" ಅಂದರು. "ಕಾಲು ಪಾಲು ಜೊಳ್ಳು ಹೋಗ್ಲಿ. ಇನ್ನು ಕಾಯಾದು ಬೇಡ."

ಗಂಡಸರು ತೆನೆ ಕಿತ್ತು ಹಿಸುಕಿ ನೋಡಿದರು. ಬುಡದ ಕಾಳು ಇನ್ನೂ ಹಾಲು. ಒಬ್ಬರು, ಕೆಳಮನೆಯ ಯಜಮಾನರು, "ದೊಡ್ಡಮ್ಮಾ, ಐದೇ ದಿನ. ಇಷ್ಟು ಕಾದ್ವಿ, ಐದು ದಿನ ಕಾಯಕ್ಕಾಗಲ್ವಾ?" ಅಂದರು. ಎರಡು ವರ್ಷ ದೊಡ್ಡತ್ತೆಯಿಂದಲೇ ಕಾಯುವುದನ್ನು ಕಲಿತವರು. ಕೊನೆಗೆ ಯಾರೋ ಅಂದರು, "ಟೀಚರನ್ನ ಕೇಳಿ, ಮೊಬೈಲಲ್ಲಿ ನೋಡಿ ಹೇಳ್ತಾರೆ."

ನಾನು ನೋಡಿದೆ. ಸಾಗರಕ್ಕೆ ಐದು ದಿನವೂ ಸೂರ್ಯನ ಚಿತ್ರವಿತ್ತು. "ಐದು ದಿನ ಮಳೆ ಇಲ್ಲ" ಅಂದೆ. ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ದೊಡ್ಡತ್ತೆ ನನ್ನನ್ನೇ ನೋಡಿದರು. "ನೋಡಿ ಹೇಳ್ದೆಯಾ?"

"ನೋಡಿಯೇ ಹೇಳಿದೆ."

"ಆತು ಹಾಗಾರೆ. ನೀ ಓದ್ದೋಳು."

ತಮ್ಮ ಪಾಲನ್ನಾದರೂ ಅವರು ಕೊಯ್ದುಕೊಳ್ಳಬಹುದಿತ್ತು. ನನ್ನ ಗಂಡ ಹಾಗೆಂದದ್ದಕ್ಕೆ, "ನಾ ಒಬ್ಳೇ ಕತ್ತಿ ಹಾಕಿದ್ರೆ ಉಳಿದೋರು ಹೆದ್ರಿ ಕಾಳು ಹಾಳು ಮಾಡ್ಕಂತಾರೆ" ಅಂದು ಮೇಲೆ ಹತ್ತಿ ಬಂದರು.

ನಾನು ಹೇಳಿದ್ದು ಸುಳ್ಳಾಗಲಿಲ್ಲ. ಐದು ದಿನವೂ ನಮ್ಮ ಮೇಲೆ ಒಂದು ಹನಿ ಬೀಳಲಿಲ್ಲ. ಮೂರನೇ ದಿನ ಮಧ್ಯಾಹ್ನ ನಾನು ಅಂಗನವಾಡಿಯ ಮಕ್ಕಳಿಗೆ ಊಟ ಬಡಿಸುತ್ತಿದ್ದಾಗ ಕೂಗು ಕೇಳಿತು. ಓಡಿ ಹೋಗಿ ದಿಬ್ಬದಿಂದ ನೋಡಿದರೆ, ಸುಡುಬಿಸಿಲಿನಲ್ಲಿ, ನೀಲಿ ಆಕಾಶದ ಕೆಳಗೆ, ನೀರು ಗದ್ದೆಗೆ ಬರುತ್ತಿತ್ತು. ಹೊಳೆಯ ಹಾಗೆ ನುಗ್ಗಿ ಬರಲಿಲ್ಲ. ಸದ್ದಿಲ್ಲದೆ, ಒಂದೊಂದೇ ಅಂಚು ದಾಟುತ್ತಾ, ಕೆಳಗಿನಿಂದ ಏರುತ್ತಿತ್ತು. ತೀರ್ಥಹಳ್ಳಿ, ಹೊಸನಗರದಲ್ಲಿ ಸುರಿದದ್ದೆಲ್ಲ ನಮ್ಮ ಗದ್ದೆಗೆ ಬಂದು ನಿಲ್ಲುತ್ತಿತ್ತು. ನಾನು ಸಾಗರವನ್ನು ನೋಡಿದ್ದೆ. ಹೊಸನಗರವನ್ನು ನೋಡುವುದು ನನಗೆ ಹೊಳೆದಿರಲಿಲ್ಲ. ಹೊಳೆ ಎಲ್ಲಿಂದ ಬರುತ್ತದೆ ಅಂತ ಮೂರು ವರ್ಷದ ಮಕ್ಕಳಿಗೆ ಹಾಡಿ ಹೇಳಿಕೊಡುತ್ತಿದ್ದವಳು ನಾನು.

ಇಡೀ ಕೇರಿ ಕತ್ತಿ ಹಿಡಿದು ಇಳಿಯಿತು. ಮೊಣಕಾಲು ನೀರಿನಲ್ಲಿ ಕೊಯ್ದೆವು, ಆಮೇಲೆ ಸೊಂಟದ ನೀರಿನಲ್ಲಿ ತೆನೆಯನ್ನಷ್ಟೇ ಕಿತ್ತೆವು. ಕೊಯ್ದದ್ದನ್ನು ಇಡಲು ಒಣನೆಲವಿಲ್ಲ. ಹೊರೆಗಳು ಕೈಜಾರಿ ತೇಲಿ ಹೋಗುತ್ತಿದ್ದವು. ಹೊತ್ತು ಇಳಿಯುವಾಗ ಗಂಡಸರೇ ಮಕ್ಕಳನ್ನೂ ಹೆಂಗಸರನ್ನೂ ಎಳೆದು ಮೇಲೆ ಹತ್ತಿಸಿದರು. ದೊಡ್ಡತ್ತೆಯನ್ನು ಇಬ್ಬರು ತೋಳು ಹಿಡಿದು ತರಬೇಕಾಯಿತು. ಅವರು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಬರುವುದಿಲ್ಲ ಅಂತ ಕಾಲು ಊರಿದ್ದರು, ಅಷ್ಟೆ.

ಮರುದಿನ ಸಾಮಾನಿಗೆಂದು ಪೇಟೆಗೆ ಹೋಗಿದ್ದೆ. ಪರಿಚಯದ ಅಂಗಡಿಯವರು ನಗುತ್ತಾ, "ಡ್ಯಾಮಿಗೆ ನೀರು ಬಂತಂತಲ್ಲ ಟೀಚರೇ! ಇನ್ನು ನಿಮ್ಮ ಕಷ್ಟ ಕಳೀತು" ಅಂದರು. ನಾನು ಹೌದು ಅಂದೆ.

ಪರಿಹಾರಕ್ಕೆ ಅರ್ಜಿ ಬರೆದೆ. ಕೆಳಗಿನದಕ್ಕೆ ಕೊಡಲು ಬರುವುದಿಲ್ಲ, ಅದು ಗದ್ದೆಯಲ್ಲ ಅಂದರು. ಜೊತೆಗೆ ದುಂಡಗಿನ ಅಕ್ಷರದ ಆ ಕಾಗದವನ್ನು ತೆಗೆದು ತೋರಿಸಿದರು. ಮೇಲಿನದಕ್ಕೂ ಬರುವುದಿಲ್ಲ, ಯಾಕೆಂದರೆ ಆ ವರ್ಷ ಅಲ್ಲಿ ಯಾರೂ ಬಿತ್ತಿಲ್ಲ. ಬಿತ್ತಿದ್ದು ಗದ್ದೆಯಲ್ಲ, ಗದ್ದೆಯಲ್ಲಿ ಬಿತ್ತಿಲ್ಲ. ಹೀಗೆ ನಮ್ಮ ಕೇರಿಗೆ ಯಾವ ನಷ್ಟವೂ ಆಗಿರಲಿಲ್ಲ.

ನೀರಿನಿಂದ ಎಳೆದು ತಂದ ಏಳೆಂಟು ಹೊರೆಯನ್ನು ದೊಡ್ಡತ್ತೆ ಬಿಸಿಲಿಗೆ ಹರವಿದರು. ಅನ್ನಕ್ಕಲ್ಲ, ಬೀಜಕ್ಕೆ. ಸ್ವಲ್ಪ ಒಣಗಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ನೋಡಿದರು. ಮೂರು ಸಲ ನೋಡಿದರು. ಎಳೆಗಾಳು, ಒದ್ದೆ ಹೊರೆಯೊಳಗೇ ಕಾವು ಹಿಡಿದದ್ದು. ಹಳಸಿದ ವಾಸನೆ ಬಂತೇ ಹೊರತು ಒಂದೂ ಮೊಳೆಯಲಿಲ್ಲ. ಆ ಭತ್ತ ಅಲ್ಲಿಗೆ ಮುಗಿಯಿತು. ಹೊಸನಗರ, ತೀರ್ಥಹಳ್ಳಿಯವರೆಗೂ ನಾನು ವಿಚಾರಿಸಿದೆ, ಹೆಸರು ಕೇಳಿದವರೇ ಸಿಗಲಿಲ್ಲ.

ಕೇರಿಯವರು ನನ್ನನ್ನು ಬೈಯಲಿಲ್ಲ. "ನಿಮ್ದೇನು ತಪ್ಪು ಟೀಚರೇ, ಮೊಬೈಲಿಂದು" ಅಂದರು. ನನ್ನ ಗಂಡ, ನೀನು ಹೇಳದಿದ್ದರೂ ಅವರು ಕಾಯುತ್ತಿದ್ದರು ಅಂದರು. ಎಲ್ಲರೂ ಒಳ್ಳೆಯವರಾದರು. ನಾನು ಮಾತ್ರ ದಿನಾ ದೊಡ್ಡತ್ತೆಯ ಮನೆಗೆ ಹೋಗಿ, ನೀರು ಕಾಯಿಸಿ, ಗಂಜಿ ಮಾಡಿಟ್ಟು, ಅವರು ಏನಾದರೂ ಅನ್ನಲಿ ಅಂತ ಕಾಯುತ್ತಿದ್ದೆ. ಅವರು ಊಟದ ಮಾತು, ದನದ ಮಾತು ಆಡುತ್ತಿದ್ದರು. ಒಮ್ಮೆ ನಾನೇ ಶುರುಮಾಡಿದ್ದಕ್ಕೆ, "ಬಿಡು ಅದ್ನ" ಅಂದು ಎದ್ದು ಹೋದರು.

ಮರುವರ್ಷ ಮಳೆ ಹೇಳಿದ ದಿನಕ್ಕೆ ಬಂತು. ಎಲ್ಲರೂ ಪೇಟೆಯಿಂದ ಬೀಜ ತಂದು ಅಗೆ ಹಾಕಿದರು. ದೊಡ್ಡತ್ತೆ ಗದ್ದೆಗೆ ಹೋಗಲಿಲ್ಲ. ಸುರಿಯುವ ಮಳೆಗೆ ಬೆನ್ನು ಹಾಕಿ ಒಳಗೆ ಗೋಡೆ ನೋಡುತ್ತಾ ಕೂರುತ್ತಿದ್ದರು. ಜ್ವರ ಬಂತು, ಎದೆ ಕಟ್ಟಿತು. ಸಾಗರದ ಆಸ್ಪತ್ರೆಯಿಂದ ವಾಪಸು ಕರೆತಂದ ಮೇಲೆ ಒಂದು ಬೆಳಿಗ್ಗೆ ನಾನು ಗಂಜಿಯ ತಿಳಿ ಕುಡಿಸುತ್ತಿದ್ದೆ. ನಾಲ್ಕು ಚಮಚ ಕುಡಿದು, ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಅವತ್ತು ನಾ ನಿನ್ನ ಮಾತು ಕೇಳ್ಬಾರ್ದಿತ್ತು" ಅಂದರು.

ಸಿಟ್ಟಿನಿಂದ ಅಂದದ್ದಲ್ಲ. ಕನಿಕರದಿಂದಲೂ ಅಲ್ಲ. ಇದ್ದದ್ದನ್ನು ಇದ್ದಹಾಗೆ ಅಂದರು.

"ಹೌದು ದೊಡ್ಡತ್ತೆ, ಕೇಳಬಾರದಿತ್ತು" ಅಂದೆ.

ಅವರು ತಲೆಯಾಡಿಸಿ, ಬಾಯಿ ಒರೆಸು ಅಂತ ಸನ್ನೆ ಮಾಡಿದರು. ಒರೆಸಿದೆ. ಎರಡು ದಿನ ಬಿಟ್ಟು ತೀರಿಕೊಂಡರು.

ನನ್ನನ್ನು ಕ್ಷಮಿಸಿದವರು ಬಹಳ ಜನ. ಅವರ್ಯಾರ ಮುಖವನ್ನೂ ನಾನು ಇವತ್ತಿಗೂ ನೆಟ್ಟಗೆ ನೋಡಲಾರೆ. ತಪ್ಪನ್ನು ತಪ್ಪು ಅಂತ ನನ್ನೆದುರು ಹೇಳಿ, ನನ್ನ ಕೈಯಿಂದಲೇ ಗಂಜಿ ಕುಡಿದು ಹೋದವರು ಅವರೊಬ್ಬರೇ.