ಕಕ್ಕದ ಡಾಕ್ಟರು

ಕಕ್ಕದ ಡಾಕ್ಟರ ಗಂಟಲಿಗೆ ಮೆಲ್ಲಗೆ ಮಾತಾಡುವುದು ಗೊತ್ತೇ ಇಲ್ಲವೆಂದು ವಾರ್ಡಿನ ಹಿರಿಯ ನರ್ಸು ಬಹುಕಾಲ ನಂಬಿದ್ದರು. ಮಲದ್ವಾರವೇ ಇಲ್ಲದೆ ಹುಟ್ಟಿದ ಕೂಸುಗಳೆಲ್ಲ ಈ ಸರ್ಜನ್ನರ ಪಾಲಿಗೆ ಬರುತ್ತವೆ. ಮೊದಲು ಮಲ ಹೊರಹೋಗಲು ಹೊಟ್ಟೆಯ ಮೇಲೊಂದು ತಾತ್ಕಾಲಿಕ ದಾರಿ ಮಾಡಿ, ಕೂಸು ಮೈಕೈ ತುಂಬಿಕೊಂಡ ಮೇಲೆ ಇರಬೇಕಾದ ಜಾಗದಲ್ಲೇ ಇನ್ನೊಂದು ಮಾಡಿಕೊಡುತ್ತಾರೆ. ವಾರ್ಡಿಗೆ ಕಾಲಿಡುತ್ತಲೇ ಅವರು ಕೇಳುವುದು, "ಕಕ್ಕ ಆಯ್ತಾ?" ಆ ದನಿಗೆ ಕಾರಿಡಾರಿನ ತುದಿಯ ಲಿಫ್ಟಿನವನೂ "ಆಯ್ತು ಸಾರ್" ಅಂದುಬಿಡಬೇಕು. ನಾಚಿಕೊಂಡು ಮಾತು ನುಂಗುವ ಅಜ್ಜಿಯರನ್ನು, "ಇದ್ರಲ್ಲೇನಮ್ಮ ಗುಟ್ಟು? ಮೊಮ್ಮಗ ಕಷ್ಟಪಟ್ಟು ಮಾಡಿದಾನೆ, ಬಾಯ್ತುಂಬ ಹೇಳಿ" ಎಂದು ಗದರುತ್ತಾರೆ. ಹೊಸ ದಾರಿಯಲ್ಲಿ ಕೂಸೊಂದು ಮೊದಲ ಸಲ ಬಟ್ಟೆ ಕೆಡಿಸಿದ ದಿನವಂತೂ ಮಗಳ ಮದುವೆ ಮುಗಿಸಿದ ಅಪ್ಪನಂತೆ ಬೀಗುತ್ತ, ಸಿಕ್ಕಸಿಕ್ಕವರಿಗೆಲ್ಲ ಅದರ ಬಣ್ಣ, ಹದ ವರ್ಣಿಸುತ್ತಾರೆ. ಕ್ಯಾಂಟೀನಿನಲ್ಲಿ ಅವರ ಎದುರಿಗೆ ಕೂತು ಉಣ್ಣುವ ಗಟ್ಟಿಗರು ಇನ್ನೂ ಹುಟ್ಟಿಲ್ಲ. ಹೊರರೋಗಿಗಳ ಕೋಣೆಗೆ ವರ್ಗವಾದ ಮೇಲಷ್ಟೇ ನರ್ಸಿಗೆ ಅವರ ಇನ್ನೊಂದು ದನಿ ಕೇಳಿಸಿತು. ಅವರು ಹಿಂದೆ ಆಪರೇಷನ್ ಮಾಡಿದ್ದ ಕೂಸೊಂದು ಈಗ ಶಾಲೆಗೆ ಹೋಗುವ ಹುಡುಗಿಯಾಗಿ, ತಪಾಸಣೆಗೆ ಬಂದು ಅಮ್ಮನ ಬೆನ್ನ ಹಿಂದೆ ಅಡಗಿ ನಿಂತಿತ್ತು. ಡಾಕ್ಟರು ತಾವೇ ಎದ್ದು ಬಾಗಿಲು ಮುಚ್ಚಿದರು. ಮಂಡಿಯೂರಿ ಅವಳ ಕಿವಿಯಲ್ಲಿ ಏನೋ ಕೇಳಿದರು. ಅವಳೂ ಅವರ ಕಿವಿಯಲ್ಲೇ ಉತ್ತರ ಹೇಳಿದಳು. ಅಮ್ಮನಿಗೆ ತಡೆಯಲಾಗಲಿಲ್ಲ. "ಏನಂದ್ಲು ಡಾಕ್ಟ್ರೇ?" ಅವರು ಅದೇ ಪಿಸುದನಿಯಲ್ಲಿ ಹೇಳಿದರು: "ಕೂಸಾಗಿದ್ದಾಗ ಊರಿಗೆಲ್ಲ ನಾನೇ ಸಾರಿದ್ದೆ ತಾಯಿ. ಇನ್ಮೇಲೆ ಅದು ಅವಳ ಮಾತು. ಅವಳನ್ನೇ ಕೇಳಿ."